ಸಣ್ಣ ಕಾಲೇಜಿನ ಅಲೈಡ್ ಹೆಲ್ತ್ ಪದವಿಯನ್ನು ಒರೆಗೆ ಹಚ್ಚುವ ಬಗೆ

ಫಿಸಿಯೋಥೆರಪಿ, ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ರೇಡಿಯಾಗ್ರಫಿ, ರೆಸ್ಪಿರೇಟರಿ ಥೆರಪಿ, ಆಪ್ಟೊಮೆಟ್ರಿ, ಡಯಾಲಿಸಿಸ್ ಟೆಕ್ನಾಲಜಿ, ಆಡಿಯಾಲಜಿ ಮತ್ತು ವಾಕ್ ಚಿಕಿತ್ಸೆ, ಆಕ್ಯುಪೇಶನಲ್ ಥೆರಪಿ, ಡಯಟೆಟಿಕ್ಸ್ ಮುಂತಾದ ವೃತ್ತಿಗಳನ್ನು ಒಟ್ಟಾಗಿ ಅಲೈಡ್ ಹೆಲ್ತ್ ಎಂದು ಕರೆಯುವುದು ರೂಢಿ. ಈ ವೃತ್ತಿಗಳ ಪದವಿ ಶಿಕ್ಷಣವನ್ನು ದೊಡ್ಡ ವಿಶ್ವವಿದ್ಯಾಲಯಗಳಂತೆಯೇ, ಒಂದು ಬ್ಯಾಚಿಗೆ ಹತ್ತು ಹದಿನೈದು ಜನರನ್ನಷ್ಟೇ ಸೇರಿಸಿಕೊಳ್ಳುವ ಸಣ್ಣ ಕಾಲೇಜುಗಳೂ ನೀಡುತ್ತವೆ. ಅಂಥ ಕಾಲೇಜೊಂದರಲ್ಲಿ ಸೀಟು ಪಡೆಯಬೇಕೇ ಬೇಡವೇ ಎಂದು ಯೋಚಿಸುತ್ತಿರುವ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಉಪಯೋಗವಾಗಲೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬೇರೆ ಬೇರೆ ಕಾಲೇಜುಗಳಿಂದ ಪೋಸ್ಟಿಂಗಿಗೆ, ಅಂದರೆ ಕೆಲಸದ ಜಾಗದಲ್ಲೇ ನಡೆಯುವ ಪ್ರಾಯೋಗಿಕ ತರಬೇತಿಗೆ, ಬಂದವರಿಗೆ ಕೆಲಸ ಕಲಿಸಿದ ಅನುಭವ ನನಗಿದೆ. ಒಂದೇ ಹೆಸರಿನ ಪದವಿಗೆ ಓದುತ್ತಿರುವ ಇಬ್ಬರ ನಡುವೆ ಎಷ್ಟು ಅಂತರವಿರಬಹುದು ಎಂಬುದನ್ನು ಅಲ್ಲಿ ಕಣ್ಣಾರೆ ಕಂಡಿದ್ದೇನೆ, ಮತ್ತು ಆ ಅಂತರಕ್ಕೆ ಕಾಲೇಜಿನ ಗಾತ್ರವೇ ಕಾರಣವೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಈ ಪದವಿಗಳ ಬೆಲೆ ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ. ಪದವಿ ಮುಗಿದ ಮೇಲೆ ಆ ವೃತ್ತಿಯನ್ನು ಮಾಡಲು ಕಾನೂನಿನ ಅನುಮತಿ ಸಿಗುತ್ತದೆಯೇ ಎಂಬುದು ಒಂದು. ಪದವಿ ಮುಗಿಯುವುದರೊಳಗೆ ವಿದ್ಯಾರ್ಥಿಯ ಕೈ ನಿಜವಾದ ರೋಗಿಗಳ ನಡುವೆ ಪಳಗಿರುತ್ತದೆಯೇ ಎಂಬುದು ಇನ್ನೊಂದು. ಕಟ್ಟಡ, ಮಾಹಿತಿ ಪುಸ್ತಿಕೆ, ಸ್ವಾಗತ ಕೊಠಡಿ ಇವೆಲ್ಲ ಈ ಎರಡಕ್ಕೂ ಸಂಬಂಧಿಸಿದವಲ್ಲ. ಆದ್ದರಿಂದ ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಎರಡು ಪ್ರಶ್ನೆಗಳಿಗೆ ಕಾಗದದ ಮೂಲಕವೂ ಖುದ್ದು ಭೇಟಿಯ ಮೂಲಕವೂ ಉತ್ತರ ಹುಡುಕುವ ಕ್ರಮಗಳಾಗಿವೆ.

ಮೊದಲ ಹೆಜ್ಜೆ: ಪದವಿಗಿಂತ ಮೊದಲು ವೃತ್ತಿಯ ಹೆಸರನ್ನು ಬರೆದುಕೊಳ್ಳಿ

ಕಾಲೇಜಿನ ಹೆಸರನ್ನು ಪಕ್ಕಕ್ಕಿಟ್ಟು, ಪದವಿ ಮುಗಿದ ಮರುದಿನ ನೀವು ಯಾವ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೀರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಆಮೇಲೆ ಆ ಹುದ್ದೆಗೆ ನೀವು ಕೆಲಸ ಮಾಡಬೇಕೆಂದಿರುವ ದೇಶದಲ್ಲಿ ಯಾವ ಕನಿಷ್ಠ ವಿದ್ಯಾರ್ಹತೆ ಬೇಕು ಎಂಬುದನ್ನು ಕಾಲೇಜನ್ನು ಕೇಳದೆ ನೀವೇ ಹುಡುಕಿ ತೆಗೆಯಿರಿ. ಈ ಕ್ರಮ ಏಕೆ ಬೇಕೆಂದರೆ, ಒಂದೇ ವೃತ್ತಿಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಮಟ್ಟದ ಪದವಿಯನ್ನು ಗೊತ್ತುಮಾಡಲಾಗಿದೆ. ಭಾರತದಲ್ಲಿ ಫಿಸಿಯೋಥೆರಪಿಸ್ಟ್ ಆಗಲು ಸ್ನಾತಕ ಪದವಿ ಸಾಕು. ಅಮೆರಿಕದಲ್ಲಿ ಈಗ ಮಾನ್ಯತೆ ಪಡೆದ ಫಿಸಿಯೋಥೆರಪಿ ಶಿಕ್ಷಣವೆಲ್ಲವೂ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ ಮಟ್ಟದಲ್ಲಿದೆ, ಸ್ನಾತಕ ಪದವಿಯು ಅಲ್ಲಿ ಆ ಕೋರ್ಸಿಗೆ ಸೇರಲು ಬೇಕಾದ ಮೆಟ್ಟಿಲು ಮಾತ್ರ. ಹಾಗೆಯೇ ಅಮೆರಿಕದಲ್ಲಿ ನೋಂದಾಯಿತ ಡಯಟಿಷಿಯನ್ ಪರೀಕ್ಷೆಗೆ ಕೂರಲು 2024ರ ಜನವರಿ 1ರಿಂದ ಸ್ನಾತಕೋತ್ತರ ಮಟ್ಟದ ಪದವಿ ಕಡ್ಡಾಯವಾಗಿದೆ. ಅಂದರೆ ಒಬ್ಬ ವಿದ್ಯಾರ್ಥಿ ಓದುತ್ತಿರುವಾಗಲೇ ನಿಯಮ ಬದಲಾಗಬಹುದು; ಈಗಿರುವ ನಿಯಮದ ಜೊತೆಗೆ, ನೀವು ಪದವಿ ಮುಗಿಸುವ ವರ್ಷಕ್ಕೆ ಜಾರಿಗೆ ಬರಲಿರುವ ನಿಯಮವನ್ನೂ ನೋಡಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. 'ಹೆಲ್ತ್ ಸೈನ್ಸಸ್', 'ಹೆಲ್ತ್ ಸ್ಟಡೀಸ್', 'ಅಲೈಡ್ ಹೆಲ್ತ್' ಎಂಬ ಸಾಮಾನ್ಯ ಹೆಸರಿನ ಪದವಿಗಳು ಹಲವೆಡೆ ಇವೆ. ಇವುಗಳಲ್ಲಿ ಕೆಲವು ಯಾವ ವೃತ್ತಿಯ ಪರವಾನಗಿಗೂ ನೇರವಾಗಿ ಒಯ್ಯುವುದಿಲ್ಲ. ಅವು ಮುಂದಿನ ಓದಿಗೆ ಅಡಿಪಾಯವಾಗಬಹುದು, ಆಸ್ಪತ್ರೆಯ ಆಡಳಿತದ ಕೆಲಸಕ್ಕೆ ನೆರವಾಗಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೂರು ನಾಲ್ಕು ವರ್ಷ ಓದಿ ಮುಗಿಸಿದ ಮೇಲೆ, ತಾನು ರೇಡಿಯಾಗ್ರಫರ್ ಆಗಲು ಮತ್ತೊಂದು ಕೋರ್ಸನ್ನು ಮೊದಲಿನಿಂದ ಓದಬೇಕು ಎಂದು ವಿದ್ಯಾರ್ಥಿಗೆ ಗೊತ್ತಾಗುವುದು ಬಹಳ ನೋವಿನ ಸಂಗತಿ. 'ಈ ಪದವಿ ಪಡೆದವರು ಯಾವ ನೋಂದಣಿ ಪುಸ್ತಕದಲ್ಲಿ, ಯಾವ ಹುದ್ದೆಯ ಹೆಸರಿನಲ್ಲಿ ದಾಖಲಾಗುತ್ತಾರೆ?' ಎಂದು ಕಾಲೇಜನ್ನು ಕೇಳಿ. ಒಂದು ವಾಕ್ಯದ ಉತ್ತರ ಬರದಿದ್ದರೆ ಮುಂದಿನ ಹೆಜ್ಜೆಯಲ್ಲಿ ಇನ್ನಷ್ಟು ಬಿಗಿಯಾಗಿರಿ.

ಎರಡನೆಯ ಹೆಜ್ಜೆ: ಮಾನ್ಯತೆಯನ್ನು ಮೂರು ಪದರಗಳಲ್ಲಿ ಪರಿಶೀಲಿಸಿ

'ನಮ್ಮದು ಮಾನ್ಯತೆ ಪಡೆದ ಕಾಲೇಜು' ಎಂಬ ಮಾತಿಗೆ ಮೂರು ಬೇರೆ ಬೇರೆ ಅರ್ಥಗಳಿರಬಹುದು. ಸಂಸ್ಥೆಗೆ, ಅಥವಾ ಅದು ಸಂಯೋಜನೆಗೊಂಡಿರುವ ವಿಶ್ವವಿದ್ಯಾಲಯಕ್ಕೆ, ಪದವಿ ನೀಡುವ ಅಧಿಕಾರವಿದೆ ಎಂಬುದು ಮೊದಲನೆಯದು. ಆ ನಿರ್ದಿಷ್ಟ ಕೋರ್ಸಿಗೆ, ಆ ನಿರ್ದಿಷ್ಟ ಕ್ಯಾಂಪಸ್ಸಿನಲ್ಲಿ ನಡೆಸಲು, ವೃತ್ತಿಯ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿದೆ ಎಂಬುದು ಎರಡನೆಯದು. ಆ ಕೋರ್ಸ್ ಮುಗಿಸಿದ ವ್ಯಕ್ತಿಗೆ ನೋಂದಣಿ ಅಥವಾ ಪರವಾನಗಿ ಸಿಗುತ್ತದೆ ಎಂಬುದು ಮೂರನೆಯದು. ಮೊದಲನೆಯದು ಇದ್ದು ಎರಡನೆಯದು ಇಲ್ಲದಿರುವ ಕೋರ್ಸುಗಳು ಇರಬಹುದು, ಸಣ್ಣ ಕಾಲೇಜು ಹೊಸದಾಗಿ ಆರಂಭಿಸಿದ ಕೋರ್ಸುಗಳಲ್ಲಂತೂ ಈ ಸಾಧ್ಯತೆ ಹೆಚ್ಚು.

ಆದ್ದರಿಂದ ಕಾಲೇಜಿನ ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರವನ್ನು ನೋಡಿ ತೃಪ್ತರಾಗದೆ, ನಿಯಂತ್ರಣ ಸಂಸ್ಥೆಯೇ ಪ್ರಕಟಿಸುವ ಪಟ್ಟಿಯಲ್ಲಿ ಕಾಲೇಜಿನ ಹೆಸರನ್ನು ಹುಡುಕಿ ತಾಳೆ ನೋಡಿ. ಬ್ರಿಟನ್ನಿನಲ್ಲಿ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ 15 ವೃತ್ತಿಗಳನ್ನು ನಿಯಂತ್ರಿಸುತ್ತದೆ, ಮತ್ತು ಅದು ಒಪ್ಪಿದ ಕೋರ್ಸುಗಳ ಪಟ್ಟಿ ಯಾರು ಬೇಕಾದರೂ ನೋಡುವಂತಿದೆ. ಅದರ ನೋಂದಣಿ ಇಲ್ಲದೆ ಫಿಸಿಯೋಥೆರಪಿಸ್ಟ್, ಪ್ಯಾರಾಮೆಡಿಕ್ ಮುಂತಾದ ಹೆಸರುಗಳನ್ನು ಬಳಸುವುದು ಅಲ್ಲಿ ಅಪರಾಧ. ಅಮೆರಿಕದಲ್ಲಿ ಪ್ರತಿ ವೃತ್ತಿಗೂ ಪ್ರತ್ಯೇಕ ಮಾನ್ಯತಾ ಸಂಸ್ಥೆಗಳಿವೆ: ರೇಡಿಯಾಗ್ರಫಿಗೆ ಜೆಆರ್‌ಸಿಇಆರ್‌ಟಿ, ಪ್ರಯೋಗಾಲಯ ವಿಜ್ಞಾನಕ್ಕೆ ಎನ್‌ಎಎಸಿಎಲ್‌ಎಸ್, ರೆಸ್ಪಿರೇಟರಿ ಕೇರ್‌ಗೆ ಸಿಒಎಆರ್‌ಸಿ, ಫಿಸಿಯೋಥೆರಪಿಗೆ ಸಿಎಪಿಟಿಇ. ಭಾರತದಲ್ಲಿ ಆಡಿಯಾಲಜಿ ಮತ್ತು ವಾಕ್ ಚಿಕಿತ್ಸೆಯ ಕೋರ್ಸುಗಳಿಗೆ 1992ರ ಕಾಯ್ದೆಯಡಿಯ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ಒಪ್ಪಿಗೆ ಬೇಕು. ಅನೇಕ ಇತರ ವೃತ್ತಿಗಳಿಗಾಗಿ 2021ರಲ್ಲಿ ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂತು. ಆ ಕಾಯ್ದೆಯ ವ್ಯಾಖ್ಯೆಯನ್ನು ಓದಿಕೊಳ್ಳುವುದು ಒಳ್ಳೆಯದು: ಅಲೈಡ್ ಹೆಲ್ತ್ ವೃತ್ತಿಪರರ ಡಿಪ್ಲೊಮಾ ಅಥವಾ ಪದವಿಯು 2ರಿಂದ 4 ವರ್ಷಗಳಲ್ಲಿ ಕನಿಷ್ಠ 2000 ಗಂಟೆಗಳದ್ದಾಗಿರಬೇಕು, ಹೆಲ್ತ್‌ಕೇರ್ ವೃತ್ತಿಪರರ ಪದವಿಯು 3ರಿಂದ 6 ವರ್ಷಗಳಲ್ಲಿ ಕನಿಷ್ಠ 3600 ಗಂಟೆಗಳದ್ದಾಗಿರಬೇಕು ಎಂದು ಅದು ಹೇಳುತ್ತದೆ. ಕಾಲೇಜಿನ ವೇಳಾಪಟ್ಟಿಯನ್ನು ಕೇಳಿ ಪಡೆದು ಗಂಟೆಗಳನ್ನು ನೀವೇ ಕೂಡಿ ನೋಡಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ.

ಪಟ್ಟಿಯಲ್ಲಿ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬಾರದು. ಒಪ್ಪಿಗೆ ಯಾವ ವರ್ಷದ ಪ್ರವೇಶದಿಂದ ಯಾವ ವರ್ಷದವರೆಗೆ, ಎಷ್ಟು ಸೀಟುಗಳಿಗೆ, ಯಾವ ವಿಳಾಸದ ಕ್ಯಾಂಪಸ್ಸಿಗೆ ಎಂಬುದನ್ನು ಓದಿ. 'ಅರ್ಜಿ ಸಲ್ಲಿಸಲಾಗಿದೆ', 'ಪರಿಶೀಲನೆಯಲ್ಲಿದೆ', 'ತಾತ್ಕಾಲಿಕ', 'ಷರತ್ತುಬದ್ಧ' ಎಂಬ ಪದಗಳಲ್ಲಿ ಒಂದೊಂದಕ್ಕೂ ಬೇರೆ ಅರ್ಥವಿದೆ. ಅರ್ಜಿ ಸಲ್ಲಿಸಿರುವುದು ಎಂದರೆ ಮಾನ್ಯತೆ ಇನ್ನೂ ಇಲ್ಲ ಎಂದೇ. ಷರತ್ತುಬದ್ಧ ಸ್ಥಿತಿಯಲ್ಲಿದ್ದರೆ ಯಾವ ಕೊರತೆಗಾಗಿ ಎಂದು ಕೇಳಬೇಕು, ಏಕೆಂದರೆ ಗ್ರಂಥಾಲಯದ ಪುಸ್ತಕಗಳ ಕೊರತೆಗೂ ಕ್ಲಿನಿಕಲ್ ತರಬೇತಿಯ ಕೊರತೆಗೂ ಅಜಗಜಾಂತರವಿದೆ. ಮಾನ್ಯತೆ ಬರುವ ಮೊದಲೇ ಒಂದು ಬ್ಯಾಚ್ ಹೊರಬಿದ್ದರೆ ಆ ಬ್ಯಾಚಿನವರ ಗತಿ ಏನು ಎಂಬ ಪ್ರಶ್ನೆಗೆ ನಿಯಂತ್ರಣ ಸಂಸ್ಥೆಯ ನಿಯಮದಲ್ಲಿ ಉತ್ತರವಿರುತ್ತದೆ. ಆ ಉತ್ತರವನ್ನು ಕಾಲೇಜಿನ ಪ್ರವೇಶ ವಿಭಾಗದವರಿಂದ ಪಡೆಯದೆ, ಸಂಸ್ಥೆಗೇ ಪತ್ರ ಬರೆದು ಪಡೆಯಿರಿ.

ಮೂರನೆಯ ಹೆಜ್ಜೆ: ಶೇಕಡಾವಾರಿನ ಹಿಂದಿರುವ ತಲೆಗಳನ್ನು ಎಣಿಸಿ

ಸಣ್ಣ ಕಾಲೇಜಿನ ಫಲಿತಾಂಶವನ್ನು ಓದುವುದಕ್ಕೆ ಬೇರೆಯೇ ಎಚ್ಚರ ಬೇಕು. ಎಂಟು ಜನರ ಬ್ಯಾಚಿನಲ್ಲಿ ಒಬ್ಬರು ಅನುತ್ತೀರ್ಣರಾದರೆ ಫಲಿತಾಂಶ ಶೇ. 87.5ಕ್ಕೆ ಇಳಿಯುತ್ತದೆ, ಇಬ್ಬರಾದರೆ ಶೇ. 75ಕ್ಕೆ. ಆ ಇಬ್ಬರಲ್ಲಿ ಒಬ್ಬರಿಗೆ ಪರೀಕ್ಷೆಯ ವಾರ ಜ್ವರ ಬಂದಿರಬಹುದು. ಆದ್ದರಿಂದ ಒಂದು ವರ್ಷದ ಕೆಟ್ಟ ಫಲಿತಾಂಶ ನೋಡಿ ಕಾಲೇಜನ್ನು ತಳ್ಳಿಹಾಕುವುದೂ ತಪ್ಪು, ಒಂದು ವರ್ಷದ ಶೇ. 100 ನೋಡಿ ಮೆಚ್ಚುವುದೂ ತಪ್ಪು. ಐದು ವರ್ಷಗಳ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದರೆ ಮಾತ್ರ ಒಂದು ಚಿತ್ರ ಮೂಡುತ್ತದೆ. ಜೆಆರ್‌ಸಿಇಆರ್‌ಟಿ ಕೂಡ ಹೀಗೆಯೇ ಅಳೆಯುತ್ತದೆ: ಪದವಿ ಮುಗಿದ ಆರು ತಿಂಗಳೊಳಗೆ ಮೊದಲ ಪ್ರಯತ್ನದಲ್ಲೇ ವೃತ್ತಿ ಪರೀಕ್ಷೆ ತೇರ್ಗಡೆಯಾದವರ ಐದು ವರ್ಷಗಳ ಸರಾಸರಿ ಶೇ. 75ಕ್ಕಿಂತ ಕಡಿಮೆ ಇರಬಾರದು ಎಂಬುದು ಅದರ ಅಳತೆಗೋಲು, ಮತ್ತು ಆ ಅಂಕಿಗಳನ್ನು ಕಾಲೇಜು ಸಾರ್ವಜನಿಕವಾಗಿ ಪ್ರಕಟಿಸಬೇಕು.

ಅಂಕಿಗಳಲ್ಲಿ ಎರಡನೆಯ ಬಲೆ ಛೇದದ್ದು. ಇಪ್ಪತ್ತು ಜನ ಸೇರಿ, ಎಂಟು ಜನ ನಡುವೆಯೇ ಬಿಟ್ಟುಹೋಗಿ, ಉಳಿದ 12 ಜನರೂ ಉತ್ತೀರ್ಣರಾದರೆ ಕಾಲೇಜು 'ಶೇ. 100 ಫಲಿತಾಂಶ' ಎಂದು ಬರೆಯುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಸೇರುವ ವಿದ್ಯಾರ್ಥಿಯ ದೃಷ್ಟಿಯಿಂದ ಆ ಸಂಖ್ಯೆ ಶೇ. 60 ಮಾತ್ರ. ಆದ್ದರಿಂದ ಪ್ರತಿ ಬ್ಯಾಚಿಗೂ ಐದು ಸಂಖ್ಯೆಗಳನ್ನು ಕೇಳಿ: ಎಷ್ಟು ಜನ ಸೇರಿದರು, ಎಷ್ಟು ಜನ ನಿಗದಿತ ಅವಧಿಯಲ್ಲಿ ಮುಗಿಸಿದರು, ಎಷ್ಟು ಜನ ಪರವಾನಗಿ ಪರೀಕ್ಷೆಗೆ ಕೂತರು ಅಥವಾ ನೋಂದಣಿಗೆ ಅರ್ಜಿ ಹಾಕಿದರು, ಎಷ್ಟು ಜನರಿಗೆ ಮೊದಲ ಸಲವೇ ಆಯಿತು, ಎಷ್ಟು ಜನ ಒಂದು ವರ್ಷದೊಳಗೆ ಓದಿದ ವೃತ್ತಿಯಲ್ಲೇ ಕೆಲಸಕ್ಕೆ ಸೇರಿದರು. 'ಓದಿದ ವೃತ್ತಿಯಲ್ಲೇ' ಎಂಬ ಮಾತನ್ನು ಬಿಡಬೇಡಿ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿರುವ ಡಯಾಲಿಸಿಸ್ ಪದವೀಧರರೂ ಉದ್ಯೋಗ ಪಡೆದವರ ಪಟ್ಟಿಯಲ್ಲಿ ಸೇರಿರಬಹುದು.

ಎರಡು ಕಾಲೇಜುಗಳನ್ನು ಹೋಲಿಸುವಾಗ ಇಬ್ಬರೂ ಒಂದೇ ಅಳತೆ ಬಳಸಿದ್ದಾರೆಯೇ ಎಂದೂ ನೋಡಬೇಕು. ಮೊದಲ ಪ್ರಯತ್ನದ ಲೆಕ್ಕ ಬೇರೆ, ಎಷ್ಟು ಸಲ ಬರೆದರೂ ಕೊನೆಗೆ ಪಾಸಾದವರ ಲೆಕ್ಕ ಬೇರೆ. ಅಮೆರಿಕದ ಫಿಸಿಯೋಥೆರಪಿ ಮಾನ್ಯತಾ ಸಂಸ್ಥೆ ಎರಡನೆಯ ಬಗೆಯ ಲೆಕ್ಕವನ್ನೇ ನೋಡುತ್ತದೆ. ಹಾಗಾಗಿ ಅದರ ಅಂಕಿಯನ್ನು ರೇಡಿಯಾಗ್ರಫಿಯ ಅಂಕಿಯ ಪಕ್ಕದಲ್ಲಿಟ್ಟು ತೂಗಲಾಗದು.

ಸಣ್ಣ ಕಾಲೇಜಿಗೆ ಇಲ್ಲಿ ಒಂದು ಅನುಕೂಲವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಐದು ವರ್ಷಗಳಲ್ಲಿ ನಲವತ್ತು ಜನ ಮಾತ್ರ ಹೊರಬಂದಿದ್ದರೆ, ಆ ನಲವತ್ತು ಜನರೂ ಈಗ ಎಲ್ಲಿದ್ದಾರೆಂದು ಒಳ್ಳೆಯ ವಿಭಾಗ ಮುಖ್ಯಸ್ಥರಿಗೆ ಹೆಸರು ಹಿಡಿದು ಗೊತ್ತಿರುತ್ತದೆ. ಯಾರು ಬಿಟ್ಟುಹೋದರು, ಏಕೆ ಬಿಟ್ಟರು ಎಂದು ಕೇಳಿದಾಗ ಅವರು ತಡವರಿಸದೆ, ವಿದ್ಯಾರ್ಥಿಯ ಖಾಸಗಿ ವಿಷಯಕ್ಕೆ ಕೈಹಾಕದೆ ಕಾರಣ ಹೇಳಬಲ್ಲರಾದರೆ, ಅಲ್ಲಿ ವಿದ್ಯಾರ್ಥಿಗಳ ಮೇಲೆ ಕಣ್ಣಿಟ್ಟವರು ಇದ್ದಾರೆ ಎಂದೇ ಅರ್ಥ.

ನಾಲ್ಕನೆಯ ಹೆಜ್ಜೆ: ಕ್ಲಿನಿಕಲ್ ಪೋಸ್ಟಿಂಗಿನ ಒಳಹೊಕ್ಕು ನೋಡಿ

ಇದೇ ಈ ಲೇಖನದ ಜೀವಾಳ. ಸ್ವಂತ ಆಸ್ಪತ್ರೆ ಇಲ್ಲದ ಸಣ್ಣ ಕಾಲೇಜು ತರಬೇತಿಗಾಗಿ ಬೇರೆ ಆಸ್ಪತ್ರೆಗಳನ್ನೂ ರೋಗಪತ್ತೆ ಕೇಂದ್ರಗಳನ್ನೂ ಅವಲಂಬಿಸುತ್ತದೆ. ಅದು ಕೊರತೆಯೇನಲ್ಲ, ಹಲವು ಬಗೆಯ ಕೆಲಸದ ಜಾಗಗಳನ್ನು ಕಂಡ ವಿದ್ಯಾರ್ಥಿ ಹೆಚ್ಚು ಗಟ್ಟಿಯಾಗುವುದೂ ಉಂಟು. ಆದರೆ ಆ ಏರ್ಪಾಡು ಬಾಯಿಮಾತಿನದೋ ಲಿಖಿತ ಒಡಂಬಡಿಕೆಯದೋ, ಅದರ ಅವಧಿ ಯಾವಾಗ ಮುಗಿಯುತ್ತದೆ, ಯಾವ ಯಾವ ವಿಭಾಗಗಳಿಗೆ ವಿದ್ಯಾರ್ಥಿಗಳಿಗೆ ಪ್ರವೇಶವಿದೆ ಎಂಬುದನ್ನು ತಿಳಿಯಬೇಕು. ನೀವು ಓದು ಮುಗಿಸುವುದಕ್ಕೆ ಎರಡು ವರ್ಷ ಮೊದಲೇ ಒಡಂಬಡಿಕೆ ಮುಗಿಯುವುದಾದರೆ, ಅದನ್ನು ಮುಂದುವರಿಸುವ ಮಾತುಕತೆ ಎಲ್ಲಿಯವರೆಗೆ ಬಂದಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಸೇರಿಸಿಕೊಂಡ ಎಲ್ಲರಿಗೂ ಕ್ಲಿನಿಕಲ್ ಸೀಟು ಖಚಿತವೇ? ಮೊದಲೆರಡು ವರ್ಷ ಇಪ್ಪತ್ತು ಜನರಿಗೆ ತರಗತಿ ನಡೆಸಿ, ಮೂರನೆಯ ವರ್ಷ ಆಸ್ಪತ್ರೆಯಲ್ಲಿರುವ ಹತ್ತು ಸೀಟುಗಳಿಗೆ ಪೈಪೋಟಿ ನಡೆಸುವ ಕ್ರಮ ಕೆಲವು ಕಡೆ ಇದೆ. ಉಳಿದ ಹತ್ತು ಜನ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಇಲ್ಲವೇ ಬೇರೆ ಪದವಿಗೆ ತಿರುಗಬೇಕಾಗುತ್ತದೆ. ಇದನ್ನು ಸೇರುವ ಮೊದಲೇ ಸ್ಪಷ್ಟವಾಗಿ ಹೇಳುವ ಕಾಲೇಜು ಪ್ರಾಮಾಣಿಕವಾದದ್ದು, ಆದರೂ ಆ ಅಪಾಯವನ್ನು ಹೊರುವವರು ನೀವೇ.

ಆಮೇಲೆ ಗಂಟೆಗಳ ಲೆಕ್ಕ. ಆಕ್ಯುಪೇಶನಲ್ ಥೆರಪಿಗೆ ವಿಶ್ವ ಒಕ್ಕೂಟವು ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ಶಿಕ್ಷಣವನ್ನು ಗೊತ್ತುಮಾಡಿದೆ. ವಾಕ್ ಚಿಕಿತ್ಸಕರಿಗೆ ಅಮೆರಿಕದ ವೃತ್ತಿ ಸಂಘವಾದ ಆಶಾ 400 ಗಂಟೆಗಳನ್ನು ಕೇಳುತ್ತದೆ. ಅದರಲ್ಲಿ 25 ಗಂಟೆ ಮಾರ್ಗದರ್ಶನದಲ್ಲಿ ವೀಕ್ಷಣೆ, ಉಳಿದ 375 ಗಂಟೆ ರೋಗಿಗಳೊಡನೆ ನೇರ ಕೆಲಸ. ಈ ಎರಡನೆಯ ಲೆಕ್ಕದ ರೀತಿ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ನೋಡುವುದನ್ನೂ ಮಾಡುವುದನ್ನೂ ಅದು ಬೇರ್ಪಡಿಸಿದೆ. ನಿಮ್ಮ ವೃತ್ತಿ ಯಾವುದೇ ಇರಲಿ, ಕಾಲೇಜನ್ನು ಇದೇ ರೀತಿ ಕೇಳಿ: ಒಟ್ಟು ಗಂಟೆಗಳಲ್ಲಿ ಪಕ್ಕದಲ್ಲಿ ನಿಂತು ನೋಡುವುದು ಎಷ್ಟು, ಸ್ವತಃ ಕೈಯಾಡಿಸುವುದು ಎಷ್ಟು? ಉತ್ತರವನ್ನು ಪರೀಕ್ಷಿಸಲು ಅಂತಿಮ ವರ್ಷದ ವಿದ್ಯಾರ್ಥಿಯ ಲಾಗ್‌ಬುಕ್ಕನ್ನು, ರೋಗಿಗಳ ಗುರುತು ಮರೆಮಾಡಿ, ತೋರಿಸಲು ವಿನಂತಿಸಿ. ದಿನಾಂಕ, ಮಾಡಿದ ಕೆಲಸ, ಮಾರ್ಗದರ್ಶಕರ ಸಹಿ, ಅವರು ಬರೆದ ತಿದ್ದುಪಡಿ ಇವೆಲ್ಲ ಇರುವ ಲಾಗ್‌ಬುಕ್ ಒಂದು ಬಗೆಯದು. ತಿಂಗಳ ಕೊನೆಯಲ್ಲಿ ಒಂದೇ ಶಾಯಿಯಲ್ಲಿ ಒಂದೇ ಕೂರಿಕೆಯಲ್ಲಿ ತುಂಬಿ ಸಾಲಾಗಿ ಸಹಿ ಹಾಕಿಸಿಕೊಂಡದ್ದು ಇನ್ನೊಂದು ಬಗೆಯದು. ಎರಡನ್ನೂ ಕಂಡವರಿಗೆ ವ್ಯತ್ಯಾಸ ತಿಳಿಯಲು ನಿಮಿಷವೂ ಬೇಡ.

ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯನ್ನು ಕಾಲೇಜುಗಳು ಹೆಮ್ಮೆಯಿಂದ ಹೇಳುತ್ತವೆ. ಅದಕ್ಕಿಂತ ಉಪಯುಕ್ತವಾದದ್ದು ನಿಮ್ಮ ವಿಭಾಗದಲ್ಲಿ ದಿನಕ್ಕೆ ಎಷ್ಟು ಕೆಲಸ ನಡೆಯುತ್ತದೆ ಮತ್ತು ಅದನ್ನು ಎಷ್ಟು ವಿದ್ಯಾರ್ಥಿಗಳು ಹಂಚಿಕೊಳ್ಳುತ್ತಾರೆ ಎಂಬ ಲೆಕ್ಕ. ಅದೇ ವಿಭಾಗಕ್ಕೆ ಇನ್ನೂ ಮೂರು ಕಾಲೇಜುಗಳ ವಿದ್ಯಾರ್ಥಿಗಳು ಬರುತ್ತಿದ್ದರೆ, ಹೆಚ್ಚು ಹಾಸಿಗೆಗಳಿದ್ದೂ ನಿಮ್ಮ ಪಾಲಿಗೆ ಬರುವುದು ಗುಂಪಿನ ಹಿಂದಿನ ಸಾಲು. ನನ್ನ ಕ್ಷೇತ್ರದಿಂದ ಉದಾಹರಣೆ ಕೊಡುವುದಾದರೆ, ಸ್ವಯಂಚಾಲಿತ ಯಂತ್ರಕ್ಕೆ ರಕ್ತದ ಮಾದರಿ ಇಟ್ಟು ವರದಿ ತೆಗೆಯುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಗಾಜಿನ ಪಟ್ಟಿಯ ಮೇಲೆ ರಕ್ತದ ತೆಳು ಲೇಪ (ಸ್ಮಿಯರ್) ಎಳೆದು ಬಣ್ಣ ಹಾಕಿ ಕೋಶಗಳನ್ನು ಗುರುತಿಸುವುದು, ಬ್ಯಾಕ್ಟೀರಿಯಾಗಳ ಗುಂಪು ತಿಳಿಯಲು ಬಣ್ಣ ಹಾಕುವ ಗ್ರಾಂ ಸ್ಟೈನ್ ಓದುವುದು, ಕಲ್ಚರ್ ಪ್ಲೇಟಿನ ಮೇಲೆ ಬೆಳೆದದ್ದು ರೋಗಾಣುವೋ ಹೊರಗಿನಿಂದ ಸೇರಿಕೊಂಡದ್ದೋ ಎಂದು ತೀರ್ಮಾನಿಸುವುದು, ರಕ್ತನಿಧಿಯಲ್ಲಿ ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಮಾಡುವುದು, ಪರೀಕ್ಷೆಯ ಗುಣಮಟ್ಟವನ್ನು ಗುರುತಿಸುವ ಲೆವಿ-ಜೆನಿಂಗ್ಸ್ ನಕ್ಷೆಯಲ್ಲಿ ನಿಯಂತ್ರಣ ಮಾದರಿಯ (ಮೌಲ್ಯ ಮೊದಲೇ ಗೊತ್ತಿರುವ ಮಾದರಿಯ) ಬಿಂದು ಎರಡು ಎಸ್‌ಡಿ (ಪ್ರಮಾಣ ವಿಚಲನೆ) ಗೆರೆ ದಾಟಿದಾಗ ರೋಗಿಯ ವರದಿಯನ್ನು ತಡೆಹಿಡಿದು ಕಾರಣ ಹುಡುಕುವುದು, ಇವು ತಿಂಗಳುಗಟ್ಟಲೆ ಕೈಕೆಲಸದಿಂದ ಬರುವ ವಿದ್ಯೆಗಳು. ಹಾಗಾಗಿ ಲ್ಯಾಬ್ ಕೋರ್ಸನ್ನು ಅಳೆಯುವವರು ಹೆಮಟಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ರಕ್ತನಿಧಿ ಈ ನಾಲ್ಕೂ ಕಡೆ ಪ್ರತ್ಯೇಕ ಪೋಸ್ಟಿಂಗ್ ಇದೆಯೇ ಎಂದು ವಿಚಾರಿಸಬೇಕು. ಸಣ್ಣ ರೋಗಪತ್ತೆ ಕೇಂದ್ರದಲ್ಲಿ ಮೊದಲೆರಡು ಚೆನ್ನಾಗಿರುತ್ತವೆ, ಕೊನೆಯ ಎರಡು ಇಲ್ಲದೇ ಇರಬಹುದು.

ರೇಡಿಯಾಗ್ರಫಿಯಲ್ಲಿ ಸುರಕ್ಷತೆಯೇ ತರಬೇತಿಯ ಗುಣಮಟ್ಟವನ್ನು ಹೇಳುತ್ತದೆ. ಪ್ರತಿ ವಿದ್ಯಾರ್ಥಿಗೂ ಮೊದಲ ದಿನದಿಂದಲೇ ತನ್ನದೇ ಹೆಸರಿನ ವಿಕಿರಣ ಅಳೆಯುವ ಬ್ಯಾಡ್ಜ್ ಇರಬೇಕು, ಅದರ ವರದಿಯನ್ನು ವಿದ್ಯಾರ್ಥಿಗೆ ತೋರಿಸಬೇಕು. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗದ ಶಿಫಾರಸಿನಂತೆ ವೃತ್ತಿಯಲ್ಲಿರುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮಿತಿ. ವಿದ್ಯಾರ್ಥಿಯು ತೆಗೆದ ಚಿತ್ರ ಸರಿಬಾರದೆ ಮತ್ತೆ ತೆಗೆಯಬೇಕಾದಾಗ ಅರ್ಹ ರೇಡಿಯಾಗ್ರಫರ್ ಪಕ್ಕದಲ್ಲೇ ಇರಬೇಕೆಂದು ಜೆಆರ್‌ಸಿಇಆರ್‌ಟಿ ನಿಯಮವಿದೆ, ಏಕೆಂದರೆ ಪ್ರತಿ ಮರುಚಿತ್ರವೂ ರೋಗಿಗೆ ಅನವಶ್ಯಕ ವಿಕಿರಣ. ಚಿತ್ರ ತೆಗೆಯುವಾಗ ಮಗುವನ್ನೋ ವೃದ್ಧರನ್ನೋ ಹಿಡಿದುಕೊಳ್ಳಲು ವಿದ್ಯಾರ್ಥಿಗಳನ್ನು ರೂಢಿಯಾಗಿ ಬಳಸುವ ಜಾಗವಾದರೆ ಅದನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ.

ವಿದ್ಯಾರ್ಥಿಯನ್ನು ಸಂಬಳವಿಲ್ಲದ ನೌಕರರಂತೆ ಬಳಸಿಕೊಳ್ಳುವ ಪ್ರಶ್ನೆಯೂ ಇಲ್ಲಿಗೇ ಸೇರುತ್ತದೆ. ರಾತ್ರಿ ಪಾಳಿಯಲ್ಲಿ ಮಾರ್ಗದರ್ಶಕರಿಲ್ಲದೆ ಒಬ್ಬರೇ ಇರುತ್ತೀರಾ, ಸಿಬ್ಬಂದಿ ರಜೆಯಲ್ಲಿದ್ದಾಗ ಅವರ ಜಾಗಕ್ಕೆ ನಿಮ್ಮನ್ನು ಹಾಕುತ್ತಾರೆಯೇ ಎಂದು ಈಗಿನ ವಿದ್ಯಾರ್ಥಿಗಳನ್ನು ಕೇಳಿ. ಕೆಲವರು ಇದನ್ನು 'ಒಳ್ಳೆಯ ಅನುಭವ' ಎಂದು ಹೇಳಬಹುದು. ತಪ್ಪನ್ನು ತಿದ್ದುವವರು ಇಲ್ಲದ ಜಾಗದಲ್ಲಿ ಪಡೆದ ಅನುಭವದಿಂದ ತಪ್ಪೇ ರೂಢಿಯಾಗುತ್ತದೆ, ಮತ್ತು ಅದರ ಬೆಲೆ ತೆರುವವರು ರೋಗಿಗಳು.

ಪೋಸ್ಟಿಂಗಿಗೆ ಕಳುಹಿಸುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವ ಹೊಣೆ ಯಾರದು ಎಂಬುದನ್ನೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮೂರು ಡೋಸುಗಳ ಕ್ರಮ ಮುಗಿಯಲು ಆರು ತಿಂಗಳು ಬೇಕು, ಆಮೇಲೆ ಒಂದೆರಡು ತಿಂಗಳಲ್ಲಿ ಪ್ರತಿಕಾಯದ ಮಟ್ಟವನ್ನು ಪರೀಕ್ಷಿಸಬೇಕು. ಹಾಗಿರುವಾಗ ಪೋಸ್ಟಿಂಗಿನ ಹಿಂದಿನ ವಾರ ಲಸಿಕೆಯ ಮಾತೆತ್ತುವ ಕಾಲೇಜು ಯೋಜನೆಯಿಲ್ಲದ ಕಾಲೇಜು. ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು, ಎಚ್‌ಐವಿ ತಡೆ ಔಷಧಿಯನ್ನು ಎಲ್ಲಿ ಕೊಡುತ್ತಾರೆ ಎಂದು ಎರಡನೆಯ ವರ್ಷದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ಬರಬೇಕು, ಏಕೆಂದರೆ ಆ ಔಷಧಿಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ.

ಐದನೆಯ ಹೆಜ್ಜೆ: ಅಧ್ಯಾಪಕರನ್ನು ಕಂಡು ಮಾತನಾಡಿ

ಸಣ್ಣ ಕಾಲೇಜಿನ ಇಡೀ ವಿಭಾಗ ಇಬ್ಬರು ಮೂವರು ಅಧ್ಯಾಪಕರ ಹೆಗಲ ಮೇಲೆ ನಿಂತಿರುತ್ತದೆ. ಅದರ ಬಲವೂ ದೌರ್ಬಲ್ಯವೂ ಅಲ್ಲೇ ಇದೆ. ಒಬ್ಬ ಒಳ್ಳೆಯ ಅಧ್ಯಾಪಕರು ಹತ್ತು ಜನರ ಕೈಯನ್ನು ಒಂದೊಂದಾಗಿ ಹಿಡಿದು ತಿದ್ದಬಲ್ಲರು, ಅರವತ್ತು ಜನರ ತರಗತಿಯಲ್ಲಿ ಅದು ಆಗದ ಮಾತು. ಆದರೆ ಅದೇ ಅಧ್ಯಾಪಕರು ಬಿಟ್ಟುಹೋದರೆ ವಿಭಾಗವೇ ಬರಿದಾಗುತ್ತದೆ. ವಿಭಾಗ ಮುಖ್ಯಸ್ಥರು ಪೂರ್ಣಾವಧಿಯವರೇ, ಅದೇ ವೃತ್ತಿಯಲ್ಲಿ ಅರ್ಹತೆಯೂ ನೋಂದಣಿಯೂ ಇರುವವರೇ, ಕಳೆದ ಮೂರು ವರ್ಷಗಳಲ್ಲಿ ಎಷ್ಟು ಜನ ಬಂದು ಹೋದರು ಎಂದು ವಿಚಾರಿಸಿ. ಕಾಗದದ ಮೇಲಿನ ಅಧ್ಯಾಪಕರ ಪಟ್ಟಿಯನ್ನು ಹಿಡಿದುಕೊಂಡು, ಅವರಲ್ಲಿ ಯಾರು ಯಾರು ವಾರಕ್ಕೆ ಎಷ್ಟು ಗಂಟೆ ಪಾಠ ಮಾಡುತ್ತಾರೆಂದು ವಿದ್ಯಾರ್ಥಿಗಳನ್ನೇ ಕೇಳಿದರೆ ಪಟ್ಟಿಯ ಸತ್ಯಾಸತ್ಯತೆ ತಿಳಿಯುತ್ತದೆ. ಕ್ಲಿನಿಕಲ್ ಸಂಯೋಜಕರು ಪೋಸ್ಟಿಂಗ್ ನಡೆಯುವ ಜಾಗಕ್ಕೆ ಎಷ್ಟು ದಿನಕ್ಕೊಮ್ಮೆ ಹೋಗುತ್ತಾರೆ ಎಂಬುದು ನನ್ನ ದೃಷ್ಟಿಯಲ್ಲಿ ಅವರ ಪದವಿಗಳ ಪಟ್ಟಿಗಿಂತ ಮುಖ್ಯ.

ಆರನೆಯ ಹೆಜ್ಜೆ: ಪಾಠ ನಡೆಯುವ ದಿನ ಪ್ರಯೋಗಾಲಯಕ್ಕೆ ಹೋಗಿ

ಪ್ರವೇಶ ಮೇಳದ ದಿನ ಎಲ್ಲವೂ ಹೊಳೆಯುತ್ತಿರುತ್ತದೆ. ಸಾಮಾನ್ಯ ಕೆಲಸದ ದಿನ, ಮೊದಲೇ ಅನುಮತಿ ಪಡೆದು ಹೋಗಿ. ಸೂಕ್ಷ್ಮದರ್ಶಕಗಳಲ್ಲಿ ಬಳಕೆಯ ಗುರುತಿದೆಯೇ, ರಾಸಾಯನಿಕ ಬಾಟಲಿಗಳ ಅವಧಿ ಮೀರಿದೆಯೇ, ವೆಂಟಿಲೇಟರಿಗೆ ಅನಿಲದ ಸಂಪರ್ಕವಿದೆಯೇ ಅಥವಾ ಅದು ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿದೆಯೇ ಎಂದು ನೋಡಿ. ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕವಷ್ಟೇ ಇಲ್ಲಿ ಬೇಕಾದದ್ದು. ಬೊಂಬೆಗಳ ಮೇಲೆ ಮಾಡುವ ಅಭ್ಯಾಸ ರೋಗಿಯ ಬಳಿ ಹೋಗುವ ಮುಂಚಿನ ತಯಾರಿಗೆ ಬಹಳ ಒಳ್ಳೆಯದು, ಆದರೆ ಕ್ಲಿನಿಕಲ್ ಗಂಟೆಗಳ ದೊಡ್ಡ ಪಾಲನ್ನು ಅದರಲ್ಲೇ ಮುಗಿಸುವ ಯೋಜನೆಯಿದ್ದರೆ ನಿಯಂತ್ರಣ ಸಂಸ್ಥೆ ಅದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂದು ನೋಡಿಕೊಳ್ಳಿ.

ಏಳನೆಯ ಹೆಜ್ಜೆ: ಪೂರ್ತಿ ಖರ್ಚನ್ನೂ ಕಾಲೇಜಿನ ಸ್ಥಿರತೆಯನ್ನೂ ಲೆಕ್ಕಹಾಕಿ

ಬೋಧನಾ ಶುಲ್ಕದ ಜೊತೆಗೆ ಸಮವಸ್ತ್ರ, ಬ್ಯಾಡ್ಜ್, ಲಸಿಕೆ, ವಿಮೆ, ದೂರದ ಪೋಸ್ಟಿಂಗಿಗೆ ಪ್ರಯಾಣ ಮತ್ತು ವಸತಿ, ಪರವಾನಗಿ ಪರೀಕ್ಷೆಯ ಶುಲ್ಕ ಇವನ್ನೆಲ್ಲ ಕೂಡಿಸಿ. ಅನುತ್ತೀರ್ಣರಾದ ವಿಷಯವನ್ನು ಮುಂದಿನ ಸೆಮಿಸ್ಟರಿನಲ್ಲೇ ಮತ್ತೆ ತೆಗೆದುಕೊಳ್ಳಬಹುದೇ ಎಂಬುದು ಸಣ್ಣ ಕಾಲೇಜಿನಲ್ಲಿ ಖರ್ಚಿನ ಪ್ರಶ್ನೆಯೂ ಹೌದು, ಏಕೆಂದರೆ ಆ ವಿಷಯವನ್ನು ಅಲ್ಲಿ ವರ್ಷಕ್ಕೊಮ್ಮೆ ಮಾತ್ರ ಕಲಿಸುತ್ತಿದ್ದರೆ ಒಂದು ವಿಷಯಕ್ಕಾಗಿ ಇಡೀ ವರ್ಷ ಕಾಯಬೇಕಾಗುತ್ತದೆ. ಕೋರ್ಸನ್ನೋ ಕಾಲೇಜನ್ನೋ ಮುಚ್ಚಬೇಕಾಗಿ ಬಂದರೆ ಇರುವ ವಿದ್ಯಾರ್ಥಿಗಳನ್ನು ಎಲ್ಲಿಗೆ ಸೇರಿಸುತ್ತಾರೆ, ಅವರ ಅಂಕಪಟ್ಟಿಗಳನ್ನು ಯಾರು ಕಾಪಾಡುತ್ತಾರೆ ಎಂಬುದಕ್ಕೆ ಲಿಖಿತ ಯೋಜನೆ ಇರಬೇಕು. ಕಳೆದ ನಾಲ್ಕೈದು ವರ್ಷಗಳಲ್ಲಿ ಸೀಟುಗಳು ಎಷ್ಟು ತುಂಬಿವೆ ಎಂದು ಕೇಳಿ. ಅರ್ಧಕ್ಕರ್ಧ ಸತತವಾಗಿ ಖಾಲಿ ಉಳಿದಿದ್ದರೆ ಕೋರ್ಸ್ ಎಷ್ಟು ದಿನ ನಡೆಯಬಹುದೆಂಬ ಅನುಮಾನ ಸಹಜ.

ಮುಂದೆ ಬೇರೆ ದೇಶಕ್ಕೆ ಹೋಗುವ ಯೋಚನೆಯಿದ್ದರೆ, ಅಲ್ಲಿನ ಸಂಸ್ಥೆಗಳು ಪ್ರತಿ ಅಭ್ಯರ್ಥಿಯ ಪಠ್ಯಕ್ರಮವನ್ನೂ ಕ್ಲಿನಿಕಲ್ ಗಂಟೆಗಳನ್ನೂ ವಿವರವಾಗಿ ಪರಿಶೀಲಿಸುತ್ತವೆ. ನೀವು ಓದಿದ ವರ್ಷದ ಪಠ್ಯಕ್ರಮದ ಮುದ್ರೆಯೊತ್ತಿದ ಪ್ರತಿ ಮತ್ತು ಪೂರ್ಣ ಲಾಗ್‌ಬುಕ್ಕನ್ನು ಓದು ಮುಗಿದ ದಿನವೇ ಪಡೆದಿಟ್ಟುಕೊಳ್ಳಿ. ಹತ್ತು ವರ್ಷಗಳ ನಂತರ ಸಣ್ಣ ಕಾಲೇಜಿನಿಂದ ಅದನ್ನು ತರಿಸಿಕೊಳ್ಳುವುದು ಸುಲಭವಲ್ಲ.

ಎಂಟನೆಯ ಹೆಜ್ಜೆ: ಕಾಲೇಜಿನ ಹೊರಗಿನವರ ಮಾತು ಕೇಳಿ

ಈಗಿನ ವಿದ್ಯಾರ್ಥಿಗಳು, ಎರಡು ವರ್ಷದ ಹಿಂದೆ ಮುಗಿಸಿದವರು, ಸಾಧ್ಯವಾದರೆ ನಡುವೆ ಬಿಟ್ಟವರು, ಈ ಮೂರೂ ಬಗೆಯವರಲ್ಲಿ ಒಬ್ಬೊಬ್ಬರನ್ನಾದರೂ ಕಾಲೇಜಿನ ಆವರಣದ ಹೊರಗೆ ಮಾತನಾಡಿಸಿ. 'ಕಾಲೇಜು ಹೇಗಿದೆ' ಎಂಬ ಪ್ರಶ್ನೆಗೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. ಬದಲಿಗೆ, 'ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ನಿಮಗೆ ಏನು ಬರುತ್ತಿರಲಿಲ್ಲ?' ಎಂದು ಕೇಳಿ. ಉತ್ತರದಲ್ಲಿ ಕೋರ್ಸಿನ ನಿಜವಾದ ಕೊರತೆ ಹೊರಬರುತ್ತದೆ.

ಅದಕ್ಕಿಂತಲೂ ತೂಕದ ಸಾಕ್ಷ್ಯ ಸಿಗುವುದು ಪೋಸ್ಟಿಂಗ್ ನಡೆಯುವ ಆಸ್ಪತ್ರೆಯಲ್ಲಿ. ಅಲ್ಲಿನ ಹಿರಿಯ ಟೆಕ್ನಾಲಜಿಸ್ಟರನ್ನೋ ಚಿಕಿತ್ಸಕರನ್ನೋ ಭೇಟಿಯಾಗಿ, ಈ ಕಾಲೇಜಿನಲ್ಲಿ ಓದಿದವರನ್ನು ನಿಮ್ಮ ವಿಭಾಗಕ್ಕೆ ಕೆಲಸಕ್ಕೆ ತೆಗೆದುಕೊಂಡಿದ್ದೀರಾ ಎಂದು ವಿಚಾರಿಸಿ. ತಿಂಗಳುಗಟ್ಟಲೆ ಈ ವಿದ್ಯಾರ್ಥಿಗಳ ಕೆಲಸವನ್ನು ಹತ್ತಿರದಿಂದ ನೋಡಿದವರು ಅವರೇ. ಅವರು ತಮ್ಮ ರೋಗಿಗಳನ್ನು ಈ ಪದವೀಧರರ ಕೈಗೆ ಒಪ್ಪಿಸಿದ್ದಾರೆಂದರೆ ಸಣ್ಣ ಕಾಲೇಜೆಂದು ಹಿಂಜರಿಯಬೇಕಾದ ಕಾರಣವಿಲ್ಲ.

ಕೊನೆಯದಾಗಿ ತೂಗುವ ಕ್ರಮ

ಎಲ್ಲ ಉತ್ತರಗಳಿಗೂ ಸಮಾನ ತೂಕ ಕೊಡಬೇಡಿ. ಕೋರ್ಸಿಗೆ ವೃತ್ತಿ ಮಾನ್ಯತೆ ಇಲ್ಲದಿರುವುದು, ಎಲ್ಲರಿಗೂ ಕ್ಲಿನಿಕಲ್ ಸೀಟು ಖಚಿತವಿಲ್ಲದಿರುವುದು, ಮಾರ್ಗದರ್ಶಕರಿಲ್ಲದೆ ವಿದ್ಯಾರ್ಥಿಗಳಿಂದ ಕೆಲಸ ಮಾಡಿಸುವುದು, ಈ ಮೂರರಲ್ಲಿ ಒಂದು ಕಂಡರೂ ಬೇರೆ ಯಾವ ಗುಣವೂ ಅದನ್ನು ಸರಿದೂಗಿಸಲಾರದು. ಹಳೆಯ ಕಟ್ಟಡ, ಚಿಕ್ಕ ಗ್ರಂಥಾಲಯ, ಒಂದು ವರ್ಷದ ಕಡಿಮೆ ಫಲಿತಾಂಶ ಇವನ್ನು ಸಹಿಸಿಕೊಳ್ಳಬಹುದು. ನಡುವಿನ ಸಂಗತಿಗಳಲ್ಲಿ, ಉದಾಹರಣೆಗೆ ಅಧ್ಯಾಪಕರೊಬ್ಬರ ಹುದ್ದೆ ಖಾಲಿಯಿದ್ದಾಗ ಅಥವಾ ಒಡಂಬಡಿಕೆಯೊಂದು ನವೀಕರಣಕ್ಕೆ ಕಾದಿರುವಾಗ, ಕಾಲೇಜಿನವರು ಅದನ್ನು ತಾವಾಗಿ ಹೇಳಿದರೋ ನೀವು ಕೆದಕಿದ ಮೇಲೆ ಒಪ್ಪಿಕೊಂಡರೋ ಎಂಬುದನ್ನು ಗಮನಿಸಿ.

ಕೇಳಿದ ಪ್ರಶ್ನೆ, ಉತ್ತರಿಸಿದವರ ಹುದ್ದೆ, ದಿನಾಂಕ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮತ್ತು ಮಾನ್ಯತೆ, ಐದು ವರ್ಷಗಳ ಅಂಕಿಗಳು, ಕ್ಲಿನಿಕಲ್ ಸೀಟು ಈ ಮೂರು ವಿಷಯಗಳ ಉತ್ತರವನ್ನು ಇಮೇಲ್ ಮೂಲಕ ಬರಹದಲ್ಲೇ ಪಡೆಯಿರಿ. ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಕನಿಷ್ಠ ಎರಡು ವಾರ ಮೊದಲೇ ಆ ಇಮೇಲ್ ಕಳುಹಿಸಿದರೆ, ಉತ್ತರ ಬಾರದಿದ್ದಾಗ ಮತ್ತೊಮ್ಮೆ ಕೇಳುವುದಕ್ಕೂ ಇನ್ನೊಂದು ಕಾಲೇಜಿಗೆ ಅರ್ಜಿ ಹಾಕುವುದಕ್ಕೂ ಸಮಯ ಉಳಿದಿರುತ್ತದೆ.